ದಾರಿ ಬಿಡಿ ಅಂದವನ ಮನೆಗೇ ಆ ಪಿಯಾನೋ

ಸ್ವಲ್ಪ ಉದ್ದದ ಪೋಸ್ಟು ಇದು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ನಮ್ಮ ಮಾರತ್ತಹಳ್ಳಿ ಕಡೆಯ ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಕಪ್ಪು-ಬಿಳುಪು ವಿಡಿಯೋ ತುಣುಕು ಓಡಾಡ್ತಿದೆ. ಒಬ್ಬ ದಪ್ಪ, ಒಬ್ಬ ಸಣಕಲ. ಇಬ್ಬರ ತಲೆ ಮೇಲೂ ಗುಂಡು ಟೋಪಿ. ಕಡಿದಾದ ಮೆಟ್ಟಿಲ ಸಾಲಿನ ಮೇಲೆ ದೊಡ್ಡದೊಂದು ಮರದ ಪೆಟ್ಟಿಗೆ ಎಳೀತಿದ್ದಾರೆ. ಅದು ಕೈ ತಪ್ಪಿ ಕೆಳಗೆ ಜಾರುತ್ತೆ, ಇವರು ಅದರ ಹಿಂದೆ ಓಡ್ತಾರೆ. ಮೇಲೆ ಯಾರೋ ಬರೆದಿದ್ದಾರೆ: 'ನಮ್ಮ ಪ್ಯಾಕರ್ಸ್ ಅಂಡ್ ಮೂವರ್ಸ್'. ಕೆಳಗೆ ಹಲ್ಲು ಕಿಸಿಯೋ ಮುಖಗಳ ಸಾಲು. ಅದೇ ಗ್ರೂಪಿನಲ್ಲಿ, ಅದೇ ದಿನ, ಅಸೋಸಿಯೇಷನ್‌ನವರ ನೋಟಿಸು: ಡೆಲಿವರಿಯವರು, ಮನೆಗೆಲಸದವರು, ಡ್ರೈವರ್‌ಗಳು ಸರ್ವಿಸ್ ಲಿಫ್ಟ್ ಮಾತ್ರ ಬಳಸತಕ್ಕದ್ದು. ಅಲ್ಲಿ ವಾಸ ಇರೋ ಸ್ನೇಹಿತರೊಬ್ಬರು ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದ್ರು.

ಈ ನೋಟಿಸಿಗೂ ಆ ತುಣುಕಿಗೂ ಸಂಬಂಧ ಇದೆ. ಆದರೆ ಗ್ರೂಪಿನವರು ಅಂದುಕೊಂಡಿರೋ ಸಂಬಂಧ ಅಲ್ಲ. ಅವರು ನೋಡಿ ನಕ್ಕಿದ್ದು ಎರಡೇ ನಿಮಿಷ. ಪೂರ್ತಿ ಚಿತ್ರ ನೋಡಿದ್ರೆ ಅದು ನಗ್ತಾ ಇರೋದು ಪೆಟ್ಟಿಗೆ ಹೊತ್ತವರನ್ನ ನೋಡಿ ಮಾತ್ರ ಅಲ್ಲ, ನೋಟಿಸು ಹಾಕಿದವರನ್ನ ನೋಡಿ ಅಂತ ಗೊತ್ತಾಗ್ತಿತ್ತು.

ಚಿತ್ರದ ಹೆಸರು 'ದಿ ಮ್ಯೂಸಿಕ್ ಬಾಕ್ಸ್'. 1932ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಅಮೆರಿಕದ ಕಿರುಚಿತ್ರ, ಹೆಚ್ಚುಕಮ್ಮಿ ಅರ್ಧ ಗಂಟೆ. ಹಾಲ್ ರೋಚ್ ಸ್ಟುಡಿಯೋದ್ದು, ನಿರ್ದೇಶನ ಜೇಮ್ಸ್ ಪ್ಯಾರಟ್. ಆ ಇಬ್ಬರು ಸ್ಟಾನ್ ಲಾರೆಲ್ ಮತ್ತು ಆಲಿವರ್ ಹಾರ್ಡಿ. ನಮ್ಮ ಬೀದಿಗಳಲ್ಲಿ ಒಬ್ಬ ದಪ್ಪ ಒಬ್ಬ ಸಣ್ಣ ಜೊತೆಯಾಗಿ ಹೋದ್ರೆ ಇವತ್ತಿಗೂ 'ಲಾರೆಲ್ ಹಾರ್ಡಿ ಬಂದ್ರು' ಅಂತಾರಲ್ಲ, ಅವರೇ. ಕಿರುಚಿತ್ರಗಳಿಗೆ ಆಸ್ಕರ್ ಕೊಡೋಕೆ ಶುರು ಮಾಡಿದ ವರ್ಷವೇ, ಹಾಸ್ಯ ವಿಭಾಗದಲ್ಲಿ ಪ್ರಶಸ್ತಿ ಸಿಕ್ಕಿದ್ದು ಇದಕ್ಕೆ.

ಕಥೆ ಸರಳ. ಒಬ್ಬ ಶ್ರೀಮಂತ ಹೆಂಗಸು ಗಂಡನ ಹುಟ್ಟುಹಬ್ಬಕ್ಕೆ ಅಂತ ಗುಟ್ಟಾಗಿ ಒಂದು ಪಿಯಾನೋ ಕೊಳ್ತಾಳೆ. ಸಾಗಿಸೋ ಕೆಲಸ ಈ ಇಬ್ಬರದು. ಒಂದು ಕುದುರೆ ಗಾಡಿ, ಅದೇ ಅವರ ಕಂಪನಿ. ದಾರಿಯಲ್ಲಿ ಸಿಕ್ಕ ಪೋಸ್ಟ್‌ಮ್ಯಾನ್‌ನ ಕೇಳಿದ್ರೆ, ಆ ಮನೆ ಈ ಮೆಟ್ಟಿಲ ತುದಿಯಲ್ಲಿದೆ ಅಂತಾನೆ. ಸರಿ, ಹೊರೋಕೆ ಶುರು. ಆ ಮೆಟ್ಟಿಲುಗಳು ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಅನ್ನೋ ಬಡಾವಣೆಯಲ್ಲಿ ಈಗಲೂ ಇವೆ. 133 ಮೆಟ್ಟಿಲು, ಎಣಿಸಿಕೊಂಡು ಹತ್ತೋಕೆ ಪ್ರವಾಸಿಗರು ಹೋಗ್ತಾರೆ. ಖಾಲಿ ಕೈಯಲ್ಲಿ.

ಒಂದು ಪಿಯಾನೋ ಸಾಮಾನ್ಯವಾಗಿ 200 ಕೆಜಿ ದಾಟುತ್ತೆ. ಒಬ್ಬ ಗಂಡಾಳು ಹೊರಬಹುದಾದ ಭಾರ 55 ಕೆಜಿ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. ಲಾರೆಲ್ ಹಾರ್ಡಿಯ ಕಾಲಕ್ಕೆ ಅದೂ ಇಲ್ಲ. ನಮ್ಮ ಹಮಾಲರಿಗೆ ಇವತ್ತಿಗೂ ಅದು ಇದೆಯೋ ಇಲ್ವೋ, ಯಾವುದಾದ್ರೂ ಮಂಡಿ ಮುಂದೆ ಬೆಳಗ್ಗೆ ನಿಂತು ನೀವೇ ನೋಡಿ.

ಮೆಟ್ಟಿಲ ಮೇಲೆ ಮೂರು ಜನ ಎದುರಾಗ್ತಾರೆ. ಮೊದಲನೆಯವಳು ಮಗುವಿನ ಗಾಡಿ ತಳ್ಕೊಂಡು ಇಳೀತಿರೋ ಆಯಾ. ಅವಳಿಗೆ ದಾರಿ ಬಿಡೋಕೆ ಹೋಗಿ ಪಿಯಾನೋ ಕೆಳಗೆ ಜಾರುತ್ತೆ, ಅವಳು ಬಿದ್ದುಬಿದ್ದು ನಗ್ತಾಳೆ. ಸ್ಟಾನ್ ಅವಳಿಗೆ ಒದೀತಾನೆ. ಅವಳು ತಿರುಗಿಸಿ ಹೊಡೆದು, ಹೋಗಿ ಪೊಲೀಸನಿಗೆ ದೂರು ಕೊಡ್ತಾಳೆ. ಎರಡನೆಯವನು ಆ ಪೊಲೀಸ್. ಅವನು ಮೇಲೆ ಹತ್ತಿ ಬರಲ್ಲ, ಕೆಳಗಿಂದಲೇ ಕರೀತಾನೆ. ಅದೂ 'ಕೋತಿ' ಅಂತ. ಹಾರ್ಡಿಗೆ ಒದೆ ಬೀಳುತ್ತೆ. ಸ್ಟಾನ್ ಪೊಲೀಸನಿಗೆ 'ನೀವು ಮಿತಿ ಮೀರ್ತಿದ್ದೀರ' ಅಂತ ಹೇಳೋಕೆ ಹೋಗ್ತಾನೆ, ಮಾತು ತೊಡರಿ ಏನೇನೋ ಆಗಿ ಹೊರಗೆ ಬರುತ್ತೆ, ತಲೆ ಮೇಲೆ ಲಾಠಿ ಬೀಳುತ್ತೆ. ಠಾಣೆ ಮೆಟ್ಟಿಲು ಹತ್ತಿ ತನ್ನ ಹಕ್ಕು ಕೇಳೋಕೆ ಹೋಗಿ ಮಾತು ತಡವರಿಸಿದ ಯಾರಿಗೇ ಆದ್ರೂ ಈ ದೃಶ್ಯ ಅರ್ಥ ಆಗುತ್ತೆ.

ಮೂರನೆಯವನೇ ನಮ್ಮ ಮುಖ್ಯ ಗಿರಾಕಿ. ಪ್ರೊಫೆಸರ್ ಥಿಯೋಡರ್ ಫಾನ್ ಶ್ವಾರ್ಜನ್‌ಹಾಫನ್. ಎತ್ತರದ ಟೋಪಿ, ಗಡ್ಡ, ಕೋಟು. ಹೆಸರಿನ ಹಿಂದೆ ಎಂ.ಡಿ. ಇಂದ ಶುರುವಾಗಿ ಮುಗಿಯದಷ್ಟು ಡಿಗ್ರಿಗಳು, ಅದೆಲ್ಲಾನೂ ಮೆಟ್ಟಿಲ ಮಧ್ಯ ನಿಂತು ತಾನೇ ಓದಿ ಹೇಳ್ತಾನೆ. 'ಈ ಸಾಮಾನು ನನ್ನ ದಾರಿಯಿಂದ ತೆಗೀರಿ' ಅನ್ನೋದು ಅವನ ಮಾತು. ಪಕ್ಕದಲ್ಲಿ ಜಾಗ ಇದೆ, ನೀವೇ ಸುತ್ತಿಕೊಂಡು ಹೋಗಬಹುದಲ್ಲ ಅಂತ ಇವರು ಕೇಳ್ತಾರೆ. ಅಷ್ಟಕ್ಕೇ ಅವನಿಗೆ ಬೆಂಕಿ ಹತ್ತುತ್ತೆ. ನಾನು? ಸುತ್ತಿಕೊಂಡು ಹೋಗೋದಾ? ಸ್ಟಾನ್ ಸುಮ್ಮನೆ ಕೈ ಎತ್ತಿ ಅವನ ಟೋಪಿಗೆ ಒಂದು ಕೊಡ್ತಾನೆ. ಟೋಪಿ ಉರುಳಿ ಉರುಳಿ ಮೆಟ್ಟಿಲಿಳಿದು ರಸ್ತೆಗೆ ಬಿದ್ದು ಗಾಡಿ ಚಕ್ರದಡಿ ಅಪ್ಪಚ್ಚಿ.

ಕೊನೆಗೆ ಇವರು ತುದಿ ಮುಟ್ಟಿದಾಗ ಪೋಸ್ಟ್‌ಮ್ಯಾನ್ ಮತ್ತೆ ಸಿಗ್ತಾನೆ. ಅಯ್ಯೋ, ಆ ಕಡೆಯಿಂದ ಗಾಡಿ ಬರೋ ರಸ್ತೆ ಇತ್ತಲ್ಲ, ಹೊರೋದು ಯಾಕೆ ಬೇಕಿತ್ತು ಅಂತಾನೆ. ಇವರು 'ಹೌದಲ್ಲ' ಅಂದು ಪಿಯಾನೋನ ಅಷ್ಟೂ ಮೆಟ್ಟಿಲು ಕೆಳಗೆ ಇಳಿಸಿ, ಗಾಡಿಗೆ ಹೇರಿ, ರಸ್ತೆಯಲ್ಲಿ ಸುತ್ತಿ ಮತ್ತೆ ಅದೇ ಮನೆ ಮುಂದೆ ಬರ್ತಾರೆ. ಮನೆಯಲ್ಲಿ ಯಾರೂ ಇಲ್ಲ. ಹೇಗೋ ಒಳಗೆ ಸೇರಿಸ್ತಾರೆ, ಅರ್ಧ ಮನೆ ಹಾಳಾಗುತ್ತೆ. ಆಗ ಮನೆ ಯಜಮಾನ ಬರ್ತಾನೆ. ಯಾರು? ಅದೇ ಪ್ರೊಫೆಸರು.

ದಾರಿ ಬಿಡಿ ಅಂದವನ ಮನೆಗೇ ಆ ಪಿಯಾನೋ ಹೋಗ್ತಿದ್ದಿದ್ದು. ಯಾವ ಹೊರೆ ತನ್ನ ದಾರಿಗೆ ಅಡ್ಡ ಅಂತ ಅವನು ಕಿರುಚಿದನೋ, ಆ ಹೊರೆ ಅವನದೇ. ಈ ಚಿತ್ರದ ಗಟ್ಟಿ ನಗು ಇರೋದು ಇಲ್ಲಿ. ಪೆಟ್ಟಿಗೆ ಜಾರೋ ದೃಶ್ಯದಲ್ಲಿ ಅಲ್ಲ.

ಈಗ ನೋಟಿಸು ಇನ್ನೊಂದ್ಸಲ ಓದಿ. ಹನ್ನೊಂದನೇ ಮಹಡಿಗೆ ಊಟ ಬೇಕು, ಇಪ್ಪತ್ತು ನಿಮಿಷದಲ್ಲಿ ಬೇಕು. ಊಟ ತಂದವನು ಮಾತ್ರ ಲಿಫ್ಟಿನಲ್ಲಿ ಕಾಣಬಾರದು. ಪಾತ್ರೆ ತೊಳೀಬೇಕು, ಮಗು ನೋಡ್ಕೋಬೇಕು, ಅಜ್ಜಿಗೆ ಸ್ನಾನ ಮಾಡಿಸಬೇಕು. ಮಾಡೋಕೆ ಬಂದವಳು ಮಾತ್ರ ಪಕ್ಕದಲ್ಲಿ ನಿಲ್ಲಬಾರದು. ಕರೆಸಿದವರು ಇವರೇ, ದಾರಿಗೆ ಅಡ್ಡ ಅಂದವರೂ ಇವರೇ.

ಹೋದ ಭಾನುವಾರ ಸಂಜೆ ನಮ್ಮ ಓದಿನ ಬಳಗದ ರೂಮಿನಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪೂರ್ತಿ ಚಿತ್ರ ಹಾಕಿದ್ವಿ. ಹದಿನೈದು ಜನ ಇದ್ರೇನೋ. ಡೆಲಿವರಿ ಹುಡುಗರು, ಮನೆ ಸಾಮಾನು ಸಾಗಿಸೋ ಟೆಂಪೋದಲ್ಲಿ ಕೆಲಸ ಮಾಡೋರು, ಮೂರ್ನಾಲ್ಕು ಜನ ಮನೆಗೆಲಸದ ಅಕ್ಕಂದಿರು. ಅಪಾರ್ಟ್‌ಮೆಂಟ್ ಗ್ರೂಪಿನವರು ನಕ್ಕ ಜಾಗದಲ್ಲಿ, ಅಂದ್ರೆ ಪೆಟ್ಟಿಗೆ ಮೊದಲನೇ ಸಲ ಜಾರಿದಾಗ, ಇವರಲ್ಲಿ ಯಾರೂ ನಗಲಿಲ್ಲ. 'ಅಯ್ಯೋ' ಅಂದ್ರು. ಇಬ್ಬರು ತಮ್ಮ ಸೊಂಟ ಮುಟ್ಟಿ ನೋಡ್ಕೊಂಡ್ರು.

ನಕ್ಕಿದ್ದು ಬೇರೆ ಕಡೆ. ಹಾರ್ಡಿ ಪೆಟ್ಟಿಗೆ ಬೆನ್ನಿಗೆ ತಗೊಳ್ಳೋಕೆ ಅಂತ ಬಗ್ಗಿ ನಿಲ್ಲೋದು, ಸರಿಯಾಗಿ ಆ ಹೊತ್ತಿಗೇ ಕುದುರೆ ನಾಲ್ಕು ಹೆಜ್ಜೆ ಮುಂದೆ ಹೋಗೋದು, ಪೆಟ್ಟಿಗೆ ಅವನ ಮೇಲೆ ಬೀಳೋದು. ಕಲಬುರಗಿ ಕಡೆಯ ಹುಡುಗ ಒಬ್ಬ ಎದ್ದು ಅಂದ: 'ಅಣ್ಣಾ, ಆ ಕುದುರಿ ನಮ್ಮ ಸೂಪರ್‌ವೈಸರ್ ಇದ್ದಂಗ ಅದ ನೋಡ್ರಿ. ಬೆನ್ನಿಗಿ ಭಾರ ಬಂತು ಅನ್ನೋದ್ರಾಗ ಸರಕೊಂಡ್ ಬಿಡ್ತದ.' ರೂಮಿಗೆ ರೂಮೇ ನಕ್ಕಿತು. ಟೋಪಿ ಉರುಳಿದಾಗ ಶಿಳ್ಳೆ ಬಿತ್ತು. ಮೇಲೆ ರಸ್ತೆ ಇತ್ತು ಅಂದಾಗ ಮಾಲೂರು ಕಡೆಯ ಹಿರಿಯರೊಬ್ಬರು, 'ಮೊದ್ಲೇ ಹೇಳಿದ್ರೆ ಅವರಪ್ಪನ ಗಂಟೇನ್ ಹೋಗ್ತಿತ್ತು?' ಅಂದ್ರು.

ಒಂದೇ ಚಿತ್ರ, ಎರಡು ನಗು. ಹಿಂದೆ ನಮ್ಮ ತುಳಸಿ ಥಿಯೇಟರಿನಂಥ ಕಡೆ ಬಾಲ್ಕನಿ ನಗೋ ಜಾಗ ಬೇರೆ, ಗಾಂಧಿ ಕ್ಲಾಸ್ ನಗೋ ಜಾಗ ಬೇರೆ ಇರ್ತಿತ್ತು. ಬಾಲ್ಕನಿಗೆ ಬಿದ್ದವನು ತಮಾಷೆ. ಗಾಂಧಿ ಕ್ಲಾಸಿಗೆ ಬೀಳಿಸಿದ್ದು ಯಾವುದು ಅನ್ನೋದು ಗೊತ್ತು, ಅದನ್ನ ನೋಡಿ ನಗ್ತಾರೆ.

ಈ ಚಿತ್ರಕ್ಕೆ ದನಿ ಬಂದಿದ್ದು ಸಹ ಸಣ್ಣ ವಿಷಯ ಅಲ್ಲ. ಐದು ವರ್ಷ ಮುಂಚೆ, 1927ರಲ್ಲಿ, ಇದೇ ಜೋಡಿ ಇದೇ ಮೆಟ್ಟಿಲ ಮೇಲೆ ಬಟ್ಟೆ ಒಗೆಯೋ ಮೆಷೀನ್ ಹೊತ್ತು 'ಹ್ಯಾಟ್ಸ್ ಆಫ್' ಅಂತ ಒಂದು ಮೂಕಿ ಚಿತ್ರ ಮಾಡಿತ್ತು. ಅದರ ಪ್ರತಿ ಈಗ ಎಲ್ಲೂ ಸಿಗಲ್ಲ. 1932ರ ಹೊತ್ತಿಗೆ ಸಿನಿಮಾಕ್ಕೆ ಮಾತು ಬಂದಿತ್ತು. ಹಾಗಾಗಿ ಪೆಟ್ಟಿಗೆ ಒಂದೊಂದು ಮೆಟ್ಟಿಲಿಗೆ ತಗುಲಿದಾಗಲೂ ಒಳಗಿನ ತಂತಿಗಳು ಝಣ್ ಅಂತ ನರಳುತ್ತವೆ. ಹೊರೋನು ಬಾಯಿ ಬಿಟ್ಟು ಹೇಳದೇ ಇರೋದನ್ನ ಹೊರೆ ಹೇಳುತ್ತೆ. ಮ್ಯೂಟ್ ಮಾಡ್ಕೊಂಡು ಎರಡು ನಿಮಿಷ ನೋಡಿದವರಿಗೆ ಇದೂ ಸಿಗಲ್ಲ.

ಹಾಗಂತ ಇದನ್ನ ತಲೆ ಮೇಲೆ ಹೊತ್ತು ಮೆರೆಸೋಕೆ ನಾನು ತಯಾರಿಲ್ಲ. ಸಿನಿಮಾ ಮುಗಿದ ಮೇಲೆ ಒಬ್ಬ ಅಕ್ಕ ಹೇಳಿದ ಮಾತು ಕೇಳಿ: 'ಆ ಆಯಾ ನಗಬಾರದಿತ್ತು, ಇವನು ಒದೀಬಾರದಿತ್ತು. ಮೂರು ಜನಾನೂ ಕೂಲಿಯೋರೇ ಅಲ್ವಾ ಅಣ್ಣ?' ಅವಳು ಹೇಳಿದ್ದು ಸರಿ. ಮೇಲಿಂದ ಬಿದ್ದ ಒದೆಯನ್ನ ಪಕ್ಕದವರಿಗೆ ದಾಟಿಸೋದು ಚಿತ್ರದಲ್ಲೂ ಇದೆ, ನಮ್ಮಲ್ಲೂ ಇದೆ. ಗೇಟಿನ ಸೆಕ್ಯುರಿಟಿ ಡೆಲಿವರಿ ಹುಡುಗನ ಮೇಲೆ ರೇಗೋದು, ಡ್ರೈವರ್ ಹೌಸ್‌ಕೀಪಿಂಗ್ ಹೆಂಗಸನ್ನ ಏಕವಚನದಲ್ಲಿ ಕರೆಯೋದು. ಬಾಬಾಸಾಹೇಬರು ಜಾತಿಯನ್ನ ಬರೀ ಕೆಲಸ ಹಂಚಿಕೊಳ್ಳೋ ಏರ್ಪಾಡು ಅಂತ ಒಪ್ಪಲಿಲ್ಲ, ಅದು ಕೆಲಸಗಾರರನ್ನೇ ಒಡೆದು ಒಬ್ಬರ ಮೇಲೆ ಒಬ್ಬರನ್ನ ಕೂರಿಸೋ ಏರ್ಪಾಡು ಅಂತ ತೋರಿಸಿದ್ರು. ಆ ಮೆಟ್ಟಿಲ ಸಾಲನ್ನ ನೋಡಿದಾಗೆಲ್ಲ ನನಗೆ ನೆನಪಾಗೋದು ಅದೇ.

ಇನ್ನೊಂದು ಮಾತು. ಲಾರೆಲ್ ಹಾರ್ಡಿ ಬಿಳಿಯರು. ಅವರು ಸಾಹೇಬನ ಟೋಪಿ ಬೀಳಿಸಿದ್ರೂ ಪ್ರೇಕ್ಷಕ ನಗಬಹುದಿತ್ತು. ಅದೇ ಹಾಲ್ ರೋಚ್ ಸ್ಟುಡಿಯೋ ಮರುವರ್ಷ, 1933ರಲ್ಲಿ, ಮಕ್ಕಳ ಹಾಸ್ಯ ಸರಣಿಯಲ್ಲಿ 'ದಿ ಕಿಡ್ ಫ್ರಮ್ ಬೋರ್ನಿಯೋ' ಅಂತ ಒಂದು ಚಿತ್ರ ತೆಗೀತು. ಅದರಲ್ಲಿ ಸರ್ಕಸ್ಸಿನ 'ಕಾಡುಮನುಷ್ಯ'ನ ಪಾತ್ರ ಸಿಕ್ಕಿದ್ದು ಜಾನ್ ಲೆಸ್ಟರ್ ಜಾನ್ಸನ್ ಅನ್ನೋ ಕಪ್ಪು ನಟನಿಗೆ. ಆತ ಬಾಕ್ಸರ್, ಮುಂದೆ ವಿಶ್ವ ಚಾಂಪಿಯನ್ ಆದ ಜ್ಯಾಕ್ ಡೆಂಪ್ಸಿಯ ಎದುರು 1916ರಲ್ಲಿ ರಿಂಗಿಗೆ ಇಳಿದಿದ್ದವನು. ಅಂಥವನಿಗೆ ಕೊಟ್ಟ ಕೆಲಸ, ತಿನ್ನೋಕೆ ಬರೋ ಮೃಗದ ಥರ ಮಕ್ಕಳ ಹಿಂದೆ ಓಡೋದು. ಬಿಳಿ ಕೂಲಿಯವನಿಗೆ ಪೆದ್ದನಾಗೋ ಸ್ವಾತಂತ್ರ್ಯ ಇತ್ತು, ಕಪ್ಪು ಮನುಷ್ಯನಿಗೆ ಮನುಷ್ಯ ಆಗೋ ಅವಕಾಶವೇ ಇರಲಿಲ್ಲ.

ನಮ್ಮ ಕಡೆ? 1932ರಲ್ಲಿ ಕನ್ನಡ ಸಿನಿಮಾಕ್ಕೆ ಇನ್ನೂ ಮಾತೇ ಬಂದಿರಲಿಲ್ಲ. 'ಸತಿ ಸುಲೋಚನ', 'ಭಕ್ತ ಧ್ರುವ' ಬಂದಿದ್ದು 1934ರಲ್ಲಿ. ಬಾಯಿ ಬಂದ ಮೇಲೆ ಮೊದಲು ಮಾತಾಡಿದ್ದು ಪುರಾಣದ ರಾಜರು, ರಾಣಿಯರು, ದೇವರು. ಹೊರೆ ಹೊರೋನು ಕಥೆಯ ನಡುವೆ ಬಂದು ನಿಲ್ಲೋಕೆ ಬಹಳ ಕಾಲ ಬೇಕಾಯ್ತು. ಬಂದಾಗಲೂ ಕಣ್ಣೀರಿಗೆ ಬಂದ. 'ಚೋಮನ ದುಡಿ' ಕಾದಂಬರಿ 1933ರದು, ಸಿನಿಮಾ 1975ರದು. ಅದು ದೊಡ್ಡ ಚಿತ್ರ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನೋಡಿ, ತೆರೆ ಮೇಲೆ ನಮ್ಮವರಿಗೆ ಸಿಕ್ಕಿದ್ದು ಎರಡೇ ಕೆಲಸ. ಒಂದು, ಗೋಳಾಡಿ ಅಳಿಸೋದು. ಇಲ್ಲ, ಕಪ್ಪು ಬಣ್ಣಕ್ಕೆ, ಹಳ್ಳಿ ಮಾತಿಗೆ, ಕೆಲಸದಾಳಿನ ಪಾತ್ರಕ್ಕೆ ನಗಿಸಿಕೊಳ್ಳೋದು. ಸಾಹೇಬನ ಟೋಪಿ ಬೀಳಿಸಿ ನಗೋ ಪಾತ್ರ ಯಾರಿಗೆ ಎಷ್ಟು ಸಲ ಸಿಕ್ಕಿದೆ, ಎಣಿಸಿ ಹೇಳಿ.

ಈಗ ಲಿಫ್ಟಿಗೆ ಬರೋಣ. ಇದನ್ನ ಎತ್ತಿದಾಗೆಲ್ಲ ನನಗೆ ಬರೋ ಉತ್ತರ: 'ಸರ್, ಎಲ್ಲದಕ್ಕೂ ಜಾತಿ ತರಬೇಡಿ. ಇದು ಬರೀ ವ್ಯವಸ್ಥೆ. ರಶ್ ಇರುತ್ತೆ, ಭದ್ರತೆ, ಸ್ವಚ್ಛತೆ.' ಒಂದೊಂದಾಗಿ ನೋಡೋಣ. ರಶ್ ಅಂತೀರ. ಸಾಮಾನಿಗೆ ಬೇರೆ ಲಿಫ್ಟ್ ಇರೋದು ನ್ಯಾಯ, ಫ್ರಿಜ್ಜು ಮಂಚ ಅದರಲ್ಲೇ ಹೋಗಲಿ. ಆದರೆ ನಿಮ್ಮ ನೋಟಿಸು ಸಾಮಾನಿನ ಬಗ್ಗೆ ಇಲ್ಲ. ಫ್ಲ್ಯಾಟಿನವರು ಸೈಕಲ್ ಎತ್ತಿಕೊಂಡು, ನಾಯಿ ಹಿಡ್ಕೊಂಡು, ನಾಲ್ಕು ಸೂಟ್‌ಕೇಸ್ ತಳ್ಕೊಂಡು ಮೇನ್ ಲಿಫ್ಟಿನಲ್ಲಿ ಹೋಗ್ತಾರೆ. ಕೆಲಸ ಮುಗಿಸಿ ಖಾಲಿ ಕೈಯಲ್ಲಿ ಇಳಿಯೋ ಹೆಂಗಸು ಸರ್ವಿಸ್ ಲಿಫ್ಟಿಗೆ ಕಾಯ್ತಾಳೆ. ಅಂದ್ರೆ ನಿಯಮ ಹೊರೆಯ ಮೇಲಲ್ಲ, ಮನುಷ್ಯರ ಮೇಲೆ. ಭದ್ರತೆ ಅಂತೀರ. ಗೇಟಿನಲ್ಲಿ ಫೋಟೋ, ಫೋನ್ ನಂಬರು, ಓಟಿಪಿ ಎಲ್ಲ ತಗೊಂಡಾದ ಮೇಲೆ ಒಂದು ಲಿಫ್ಟಿನಲ್ಲಿ ಇಲ್ಲದ ಅಪಾಯ ಇನ್ನೊಂದರಲ್ಲಿ ಎಲ್ಲಿಂದ ಬರುತ್ತೆ? ಸ್ವಚ್ಛತೆ ಅಂತೀರ. ನಿಮ್ಮ ಅಡುಗೆಮನೆಯೊಳಗೆ ಬಂದು ನಿಮ್ಮ ತಟ್ಟೆ ತೊಳೆಯೋ ಕೈ, ಲಿಫ್ಟಿನ ಬಟನ್ ಮುಟ್ಟಿದಾಗ ಮಾತ್ರ ಹೇಗೆ ಗಲೀಜಾಗುತ್ತೆ?

ಬೆಂಗಳೂರಿಗೆ ಇದು ಹೊಸದಲ್ಲ ಗೆಳೆಯರೇ. 1898ರ ಪ್ಲೇಗ್ ಆದಮೇಲೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನ ಕಟ್ಟಿದಾಗ ಮನೆಗಳ ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿಗಳನ್ನ ಬಿಟ್ರು. ಕಕ್ಕಸು ಬಳಿಯೋಕೆ ಬರೋರು ಮುಂಬಾಗಿಲ ರಸ್ತೆಯಲ್ಲಿ ಕಾಣದ ಹಾಗೆ ಹಿಂದಿನಿಂದ ಬಂದು, ತಲೆ ಮೇಲೆ ಹೊತ್ತು, ಹಿಂದಿನಿಂದಲೇ ಹೋಗೋದು. ಅದಕ್ಕೂ ಆಗ ಇಟ್ಟ ಹೆಸರು ಆರೋಗ್ಯ, ಸ್ವಚ್ಛತೆ, ವ್ಯವಸ್ಥೆ. ಆ ಗಲ್ಲಿಯಲ್ಲಿ ನಡೆದವರ ಜಾತಿ ಯಾವುದು ಅಂತ ಎಲ್ಲೂ ಬೋರ್ಡು ಹಾಕಿರಲಿಲ್ಲ, ಹಾಕೋ ಅಗತ್ಯ ಇರಲಿಲ್ಲ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ಈ ರಾಜ್ಯದಲ್ಲಿ ನಿಷೇಧ ಮಾಡಿದ್ರು. ದೇಶಕ್ಕೆ ಅಂಥ ಕಾನೂನು ಬಂದಿದ್ದು 1993ರಲ್ಲಿ. ತಲೆ ಮೇಲಿನ ಬುಟ್ಟಿ ಇಳೀತು. ಹಿಂಬದಿಯ ಗಲ್ಲಿ ಮಾತ್ರ ಹೋಗಲಿಲ್ಲ, ಎದ್ದು ನಿಂತಿತು. ನಿಮ್ಮ ಸರ್ವಿಸ್ ಲಿಫ್ಟು ಅದೇ ಗಲ್ಲಿ.

ಚಿತ್ರದಲ್ಲಿ ಇನ್ನೊಂದು ದೃಶ್ಯ ಇದೆ. ಪಿಯಾನೋ ಕಂಡ್ರೆ ಆಗದ ಪ್ರೊಫೆಸರು ಕೊಡಲಿ ತಗೊಂಡು ಅದನ್ನ ಕಡೀತಿದ್ದಾನೆ. ಅದು ತಾನಾಗೇ ನುಡಿಯೋ ಪಿಯಾನೋ. ಕಡಿಯೋ ಮಧ್ಯದಲ್ಲೇ ಅದರಿಂದ ಅಮೆರಿಕದ ರಾಷ್ಟ್ರಗೀತೆ ಶುರುವಾಗುತ್ತೆ. ತಕ್ಷಣ ಮೂರೂ ಜನ ಕೈ ನಿಲ್ಲಿಸಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೀತಾರೆ. ಗೀತೆ ನಿಂತ ಕೂಡಲೇ ಕೊಡಲಿ ಮತ್ತೆ ಎದ್ದೇಳುತ್ತೆ. ನಮ್ಮ ರೂಮಿನಲ್ಲಿ ಅತಿ ಹೆಚ್ಚು ನಗು ಬಂದಿದ್ದು ಇಲ್ಲೇ. ಯಾಕೆ ಅಂತ ವಿವರಿಸಬೇಕಾ? ಆಗಸ್ಟ್ 15ಕ್ಕೆ ಕ್ಲಬ್‌ಹೌಸ್ ಮುಂದೆ ಬಾವುಟ ಏರಿಸ್ತಾರೆ. ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸ್ತಾರೆ, ಒಂದೇ ಡಬ್ಬಿಯಿಂದ ಲಾಡು ಕೊಡ್ತಾರೆ, ಫೋಟೋ ಹಾಕ್ತಾರೆ. ಹಾಡು ಮುಗೀತು. ಇವರು ಆ ಲಿಫ್ಟಿಗೆ, ಅವರು ಈ ಲಿಫ್ಟಿಗೆ.

ಆ ಚಿತ್ರ ಬಂದ ವರ್ಷವೇ, 1932ರ ಸೆಪ್ಟೆಂಬರಿನಲ್ಲಿ, ಬಾಬಾಸಾಹೇಬರು ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯ್ತು. ಅವತ್ತು ಚರ್ಚೆ ಇದ್ದಿದ್ದು ನಮ್ಮವರಿಗೆ ಎಷ್ಟು ಸೀಟು, ಯಾರು ಆರಿಸಬೇಕು ಅಂತ. ಇವತ್ತು ಗಿಗ್ ಕಾರ್ಮಿಕರಿಗೆ ಕರ್ನಾಟಕದಲ್ಲಿ ಒಂದು ಕಾನೂನು ಬಂದಿದೆ, 2025ರಲ್ಲಿ. ಒಳ್ಳೇದೇ. ಕಲ್ಯಾಣ ನಿಧಿ ಬರಲಿ, ವಿಮೆ ಬರಲಿ. ಆದರೆ ನಿಧಿಯಲ್ಲಿ ಹೆಸರಿರೋ ಮನುಷ್ಯ ಲಿಫ್ಟಿನಲ್ಲಿ ನಿಲ್ಲೋಕೆ ಆಗಲ್ಲ ಅಂದ್ರೆ ಆ ಕಾನೂನು ಅರ್ಧ ಮೆಟ್ಟಿಲಲ್ಲೇ ನಿಂತಂಗೆ.

ಅದಕ್ಕೆ ನಾವು ಈ ಭಾಗದ ಅಸೋಸಿಯೇಷನ್‌ಗಳಿಗೆ ಒಂದು ಪತ್ರ ಕೊಡ್ತಿದ್ದೀವಿ. ಕೇಳ್ತಿರೋದು ಮೂರೇ ಸಾಲು. ಭಾರದ ಸಾಮಾನಿಗೆ ಸರ್ವಿಸ್ ಲಿಫ್ಟ್, ಮನುಷ್ಯರಿಗೆ ಎಲ್ಲ ಲಿಫ್ಟ್. ಕೆಲಸದ ಹೆಸರು ಹೇಳಿ ಯಾರನ್ನೂ ಬೇರೆ ಮಾಡೋ ಬೋರ್ಡು ತೆಗೀರಿ. ಕೆಲಸಕ್ಕೆ ಬಂದವರಿಗೆ ಕೂರೋಕೆ ಜಾಗ, ಕುಡಿಯೋಕೆ ನೀರು, ಬಳಸೋಕೆ ಶೌಚಾಲಯ ಕೊಡಿ. ಇದಕ್ಕೆ ದುಡ್ಡು ಹೆಚ್ಚೇನೂ ಬೇಡ, ಸ್ಕ್ರೂಡ್ರೈವರ್ ಇದ್ರೆ ಬೋರ್ಡು ಬಿಚ್ಚಬಹುದು.

ಅಪಾರ್ಟ್‌ಮೆಂಟಿನಲ್ಲಿ ಇರೋ ನಮ್ಮ ಸ್ನೇಹಿತರಿಗೆ, ಅದರಲ್ಲೂ ಊರಲ್ಲಿ ಹಿಂಬಾಗಿಲಲ್ಲಿ ನಿಂತಿದ್ದ ಅಪ್ಪ-ಅಮ್ಮನ ಮಕ್ಕಳಾಗಿ ಇವತ್ತು ಮುಂಬಾಗಿಲ ಲಿಫ್ಟಿನಲ್ಲಿ ಹೋಗ್ತಿರೋ ನಮ್ಮವರಿಗೆ ಒಂದು ಮಾತು. ನಾಳೆ ಮೀಟಿಂಗಿನಲ್ಲಿ ಇದು ಚರ್ಚೆಗೆ ಬಂದಾಗ ಸುಮ್ಮನೆ ಕೂರಬೇಡಿ. ನಿಮ್ಮ ಜಾತಿ ಹೇಳ್ಕೊಂಡು ಮಾತಾಡಿ ಅಂತ ನಾನು ಕೇಳಲ್ಲ, ಅದರ ಕಷ್ಟ ನನಗೂ ಗೊತ್ತು. ಕೈ ಎತ್ತಿ ಒಂದೇ ಪ್ರಶ್ನೆ ಕೇಳಿ: ಈ ನಿಯಮ ಸಾಮಾನಿಗಾ, ಮನುಷ್ಯರಿಗಾ? ಉತ್ತರ ಬರೆದುಕೊಳ್ಳಿ, ಮಿನಿಟ್ಸ್‌ನಲ್ಲಿ ಸೇರಿಸಿ. ಮಿಕ್ಕಿದ್ದು ನಾವು ನೋಡ್ಕೋತೀವಿ.

ಪತ್ರದ ಪ್ರತಿ ಬೇಕಾದವರು ಕಾಮೆಂಟಿನಲ್ಲಿ ಕೇಳಿ. ಬೋರ್ಡಿನ ಫೋಟೋ ಕಳಿಸೋರು ಕೆಲಸದವರ ಮುಖ, ಹೆಸರು ಬರದ ಹಾಗೆ ನೋಡ್ಕೊಳ್ಳಿ, ಅವರ ಕೆಲಸ ಹೋಗಬಾರದು.

ಜೈ ಭೀಮ್.